ತತ್ಸಮಾನ ಪತ್ರಿಕೆ

ಜಯಶೀಲಾ ಭದ್ರಾವತಿಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಭೂವಿಜ್ಞಾನ ಕಲಿಸುತ್ತಿದ್ದಳು. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ಬೆಳಿಗ್ಗೆ ಎಂಟೂವರೆಯ ಬಸ್ಸು ಹತ್ತಿದರೆ ಒಂಬತ್ತೂಕಾಲಿಗೆ ಕಾಲೇಜಿನ ಗೇಟು. ಕಬ್ಬಿಣದ ಕಾರ್ಖಾನೆ ಜೋರಾಗಿ ನಡೆಯುತ್ತಿದ್ದ ದಿನಗಳಲ್ಲಿ ಹುಟ್ಟಿಕೊಂಡ ವಿಭಾಗ ಅದು. ಅರವತ್ತು ಮಕ್ಕಳು ಒತ್ತಿಕೊಂಡು ಕೂರುತ್ತಿದ್ದ ಕೊಠಡಿಯಲ್ಲಿ ಈಗ ಒಂಬತ್ತೋ ಹತ್ತೋ ಜನ. ಹಾಗಿದ್ದರೂ ಅವಳಿಗೆ ಪಾಠ ಬೇಸರವಾಗಿರಲಿಲ್ಲ. ಕಲ್ಲನ್ನು ಕಾಗದದಷ್ಟು ತೆಳ್ಳಗೆ ಸವೆಸಿ, ಗಾಜಿಗೆ ಅಂಟಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಪ್ಪು ಕಲ್ಲಿನೊಳಗೆ ನೀಲಿ, ಹಳದಿ, ಕೇಸರಿ ಬಣ್ಣ ಏಳುತ್ತವೆ. ಅದನ್ನು ಮೊದಲ ಸಲ ನೋಡಿದ ಮಕ್ಕಳು ಎಷ್ಟೇ ಗಲಾಟೆಯವರಾದರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಪ್ರತಿ ವರ್ಷ ಅವಳು ಅದನ್ನು ಕಾಯುತ್ತಿದ್ದಳು.

ಕಾಲೇಜಿನ ಕೆಲಸದ ಜೊತೆಗೆ ಅವಳು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಸದಸ್ಯೆಯೂ ಆಗಿದ್ದಳು. ಪದವಿ ತರಗತಿಗಳಲ್ಲಿ ಯಾವ ಪತ್ರಿಕೆ ಇರಬೇಕು, ಯಾವುದನ್ನು ಕೈಬಿಡಬೇಕು, ಪ್ರಯೋಗಕ್ಕೆ ಎಷ್ಟು ಅಂಕ ಎಂಬುದನ್ನೆಲ್ಲ ತೀರ್ಮಾನಿಸುವ ಎಂಟು ಅಧ್ಯಾಪಕರ ಸಮಿತಿ ಅದು. ಅಧ್ಯಕ್ಷರು ಷಡಕ್ಷರಪ್ಪನವರು. ಜಯಶೀಲಾಗೆ ಎಂ.ಎಸ್ಸಿ.ಯಲ್ಲಿ ಪಾಠ ಹೇಳಿದ್ದ ಮೇಷ್ಟ್ರು. ಆ ಜೂನ್ ತಿಂಗಳ ಕೊನೆಗೆ ನಿವೃತ್ತಿಯಾಗುವವರಿದ್ದರು.

ಮೂರು ವರ್ಷದ ಪದವಿ ಹೋಗಿ ನಾಲ್ಕು ವರ್ಷದ್ದು ಬಂದಿತ್ತು. ಈಗ ಮತ್ತೆ ಮೂರು ವರ್ಷ ಎಂದು ಸರ್ಕಾರದ ಆದೇಶ. ಪ್ರವೇಶ ಶುರುವಾಗುವುದರೊಳಗೆ ಹೊಸ ಪಠ್ಯಕ್ರಮ ಸಿದ್ಧವಿರಬೇಕು ಎಂದು ವಿಶ್ವವಿದ್ಯಾಲಯ ಅವಸರ ಮಾಡಿತು. ಮಂಡಳಿಯ ಸದಸ್ಯರು ಕೆಲಸ ಹಂಚಿಕೊಂಡರು. ಜಯಶೀಲಾಳ ಪಾಲಿಗೆ ಬಂದದ್ದು ಒಂದು ಪಟ್ಟಿ. ಹಳೆಯ ಪಠ್ಯಕ್ರಮದಲ್ಲಿ ಓದಿ ಒಂದೆರಡು ಪತ್ರಿಕೆ ಬಾಕಿ ಉಳಿಸಿಕೊಂಡಿರುವ ವಿದ್ಯಾರ್ಥಿಗಳಿರುತ್ತಾರೆ. ಅವರ ಹಳೆಯ ಪತ್ರಿಕೆಯ ಬದಲಿಗೆ ಹೊಸದರಲ್ಲಿ ಯಾವ ಪತ್ರಿಕೆ ಬರೆಯಬೇಕು ಎಂದು ಹೇಳುವ ಪಟ್ಟಿ ಅದು. ಎಡಗಡೆ ಹಳೆಯದು, ಬಲಗಡೆ ಅದಕ್ಕೆ ತತ್ಸಮಾನವಾದ ಹೊಸದು.

ಒಟ್ಟು ಇಪ್ಪತ್ತೆರಡು ಪತ್ರಿಕೆಗಳು. ಇಪ್ಪತ್ತೊಂದಕ್ಕೆ ಜೋಡಿ ಸುಲಭವಾಗಿ ಸಿಕ್ಕಿತು. ಐದನೇ ಸೆಮಿಸ್ಟರಿನ ಶಿಲಾವಿಜ್ಞಾನ ಪ್ರಯೋಗ, ಮಕ್ಕಳ ಬಾಯಲ್ಲಿ ಪೆಟ್ರಾಲಜಿ ಪ್ರಾಕ್ಟಿಕಲ್, ಮಾತ್ರ ಎಲ್ಲೂ ಕೂರಲಿಲ್ಲ. ಹೊಸ ಪಠ್ಯಕ್ರಮದಲ್ಲಿ ಅದಕ್ಕೆ ಪ್ರತ್ಯೇಕ ಪರೀಕ್ಷೆಯೇ ಇರಲಿಲ್ಲ, ಪ್ರಯೋಗವನ್ನು ಪಾಠದ ಪತ್ರಿಕೆಯೊಳಗೇ ಸೇರಿಸಿ ಆಂತರಿಕ ಅಂಕ ಮಾಡಿದ್ದರು. ಸಭೆಯಲ್ಲಿ ಎಲ್ಲರನ್ನೂ ಕೇಳಿ ತೀರ್ಮಾನಿಸಿದರಾಯಿತೆಂದು ಅವಳು ಬಲಗಡೆಯ ಜಾಗದಲ್ಲಿ ಒಂದು ಅಡ್ಡಗೆರೆ ಹಾಕಿಟ್ಟಳು.

ರಾಗಿಗುಡ್ಡದ ಆಚೆಗಿನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಸಭೆ ಹನ್ನೊಂದಕ್ಕೆ ಎಂದಿದ್ದದ್ದು ಶುರುವಾಗುವಾಗ ಹನ್ನೆರಡೂಕಾಲಾಗಿತ್ತು. ಪಟ್ಟಿಯ ಸರದಿ ಬರುವ ಹೊತ್ತಿಗೆ ಎರಡು ಗಂಟೆ.

"ಇದು ಜಯಶೀಲಾ ಅವರು ಮಾಡಿರೋದು. ಅವರು ಮಾಡಿದ್ಮೇಲೆ ನಾವು ನೋಡೋದೇನಿದೆ" ಎಂದರು ಷಡಕ್ಷರಪ್ಪನವರು. "ಒಪ್ಪಿದೆ ಅಂತ ಬರ್ಕೊಳ್ಳಿ. ಮುಂದಿನದು."

ಜಯಶೀಲಾ ಬಾಯಿ ತೆರೆದಳು. "ಸರ್, ಅದ್ರಲ್ಲಿ ಒಂದು..." ಎಂದಳು.

ಅದೇ ಹೊತ್ತಿಗೆ ಎದುರುಗಡೆ ಕುಳಿತಿದ್ದ ಸದಸ್ಯ ಪ್ರಸನ್ನಕುಮಾರ್, "ಸರ್, ಊಟ ಬಂದು ಅರ್ಧ ಗಂಟೆ ಆಯ್ತು. ಅಕ್ಕಿರೊಟ್ಟಿ ಆರಿದ್ರೆ ಹಲ್ಲಿಗೆ ಕಷ್ಟ" ಎಂದ. ಎಲ್ಲರೂ ನಕ್ಕರು. ಷಡಕ್ಷರಪ್ಪನವರು ಅವಳತ್ತ ತಿರುಗಿ, "ಏನೋ ಹೇಳ್ತಿದ್ರಿ?" ಎಂದು ಕೇಳಿದರು.

ಕೇಳಿದ್ದು ನಿಜ. ಅದನ್ನು ಅವಳು ಮುಂದೆ ಎಷ್ಟೋ ಸಲ ನೆನೆಸಿಕೊಂಡಳು. ಅವರು ಕೇಳಿದ್ದರು, ಅವಳೇ ಹೇಳಲಿಲ್ಲ. ಹೊಗಳಿಸಿಕೊಂಡ ಮರುಕ್ಷಣವೇ ಕೆಲಸ ಪೂರ್ತಿ ಮಾಡಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಪ್ರಯೋಗದಲ್ಲಿ ಯಾರು ಫೇಲಾಗುತ್ತಾರೆ ಎಂದೂ ಅನ್ನಿಸಿತು. ಇಷ್ಟು ವರ್ಷದಲ್ಲಿ ಅವಳೇ ಒಬ್ಬರನ್ನೂ ಫೇಲು ಮಾಡಿರಲಿಲ್ಲ.

"ಏನಿಲ್ಲ ಸರ್, ಊಟ ಮಾಡೋಣ" ಎಂದಳು. ಊಟವಾದ ಮೇಲೆ ನಡಾವಳಿಗೆ ಎಲ್ಲರೂ ಸಹಿ ಹಾಕಿದರು. ಅವಳೂ ಹಾಕಿದಳು.

ಅದೇ ವರ್ಷ ಡಿಸೆಂಬರಿನ ಮೊದಲ ವಾರ ಹಳೆಯ ವಿದ್ಯಾರ್ಥಿನಿ ಪೂಜಿತಾ ವಿಭಾಗದ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಸ್ಕೂಲಿನ ಮಕ್ಕಳ ಕಾಪಿ ಪುಸ್ತಕಗಳ ಚೀಲ. ಜಯಶೀಲಾಗೆ ತಟ್ಟನೆ ಗುರುತು ಹತ್ತಿತು. ಕಲ್ಲು ನೋಡಿ ಹೆಸರು ಹೇಳುವುದರಲ್ಲಿ ಆ ಬ್ಯಾಚಿನಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ತಂದೆ ರಂಗಪ್ಪ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದವನು. ಕಾರ್ಖಾನೆ ನಿಂತ ಮೇಲೆ ಕಲ್ಯಾಣಮಂಟಪವೊಂದರಲ್ಲಿ ಕಾವಲಿಗಿದ್ದ. ತಾಯಿ ಇರಲಿಲ್ಲ.

"ಮೇಡಂ, ಪರೀಕ್ಷೆಗೆ ಅರ್ಜಿ ಹಾಕಕ್ಕೆ ಹೋದ್ರೆ ನನ್ನ ಪೇಪರ್ರೇ ಕಾಣಿಸ್ತಿಲ್ಲ" ಎಂದಳು ಪೂಜಿತಾ.

"ಯಾವ ಪೇಪರಮ್ಮ? ನೀನು ಡಿಗ್ರಿ ಮುಗ್ಸಿ ಆಗ್ಲಿಲ್ವಾ?"

"ಎಲ್ಲಾ ಆಗಿದೆ ಮೇಡಂ. ಪೆಟ್ರಾಲಜಿ ಪ್ರಾಕ್ಟಿಕಲ್ ಒಂದು ಬಾಕಿ."

ಜಯಶೀಲಾ ಎದುರಿನ ಕುರ್ಚಿ ತೋರಿಸಿದಳು. ಪೂಜಿತಾ ನಿಂತೇ ಹೇಳಿದಳು. ಮೊದಲ ಸಲ ಪರೀಕ್ಷೆಯ ಹೊತ್ತಿಗೆ ಕಾಮಾಲೆಯಾಗಿ ಇಪ್ಪತ್ತು ದಿನ ಮಲಗಿದ್ದಳು. ಅದು ಜಯಶೀಲಾಗೂ ನೆನಪಿತ್ತು, ಆಮೇಲೆ ಬರೆದುಕೊಂಡಿರುತ್ತಾಳೆ ಎಂದುಕೊಂಡಿದ್ದಳು. ಮರುವರ್ಷ ಪರೀಕ್ಷೆಯನ್ನು ಶಿವಮೊಗ್ಗದ ದುರ್ಗಿಗುಡಿಯ ಕಾಲೇಜಿಗೆ ಬದಲಾಯಿಸಿ, ದಿನವನ್ನೂ ಮೂರು ದಿನ ಮುಂಚೆಗೆ ತಂದಿದ್ದರು. ಸೂಚನೆ ಬಂದದ್ದು ಕ್ಲಾಸಿನ ವಾಟ್ಸಾಪ್ ಗುಂಪಿಗೆ. ಓದು ಮುಗಿದ ಮೇಲೆ ಅವಳು ಆ ಗುಂಪಿನಲ್ಲಿರಲಿಲ್ಲ. ಪರೀಕ್ಷೆ ಎಂದುಕೊಂಡ ದಿನ ಬಿಳಿ ಕೋಟು ಹಿಡಿದು ಹೋದರೆ ಪ್ರಯೋಗಾಲಯಕ್ಕೆ ಬೀಗ ಹಾಕಿತ್ತು. ಎರಡು ಸಲವೂ ಅಂಕಪಟ್ಟಿಯಲ್ಲಿ ಗೈರುಹಾಜರು ಎಂದು ಬಂತು.

"ಆವಾಗ್ಲೇ ನಂಗ್ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು ಮೇಡಂ. ನೀವು ಎಲ್ಲರ ಮುಂದೆ ನನ್ನೇ ಹೊಗಳ್ತಿದ್ರಿ."

ಪೂಜಿತಾ ಒಂದು ಖಾಸಗಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ವಿಜ್ಞಾನ ಹೇಳುತ್ತಿದ್ದಳು. ಬರುವ ಜೂನಿನೊಳಗೆ ಪದವಿ ಪ್ರಮಾಣಪತ್ರ ತಂದರೆ ಕೆಲಸ ಕಾಯಂ, ಬಿ.ಎಡ್.ಗೂ ಸೇರಬಹುದು ಎಂದು ಶಾಲೆಯವರು ಹೇಳಿದ್ದರು. ಇನ್ನೊಂದು ತೊಡಕೂ ಇತ್ತು. ಸೇರಿದ ಐದು ವರ್ಷದೊಳಗೆ ಪದವಿ ಮುಗಿಸಬೇಕೆಂಬ ನಿಯಮದಂತೆ ಅವಳಿಗೆ ಉಳಿದಿದ್ದದ್ದು ಇದೊಂದೇ ಅವಕಾಶ.

"ನಾನು ನೋಡ್ತೀನಿ, ನೀನು ಹೋಗು" ಎಂದಳು ಜಯಶೀಲಾ. ಹುಡುಗಿ ಹೋದ ಮೇಲೆ ಕಂಪ್ಯೂಟರಿನಲ್ಲಿ ಹಳೆಯ ಕಡತ ತೆಗೆದು ನೋಡಿದಳು. ಹದಿನೇಳನೆಯ ಸಾಲು. ಎಡಗಡೆ ಶಿಲಾವಿಜ್ಞಾನ ಪ್ರಯೋಗ. ಬಲಗಡೆ ಗೆರೆ. ಪರೀಕ್ಷಾ ವಿಭಾಗದವರು ಅದನ್ನು ಪತ್ರಿಕೆ ರದ್ದಾಗಿದೆ ಎಂದು ಓದಿಕೊಂಡಿದ್ದರು. ಬೇರೆ ಹೇಗೆ ಓದುತ್ತಾರೆ.

ಆ ಸಂಜೆ ಅವಳು ನೇರ ಷಡಕ್ಷರಪ್ಪನವರ ಮನೆಗೆ ಹೋದಳು. ಅವರದೂ ವಿದ್ಯಾನಗರವೇ, ಎರಡು ರಸ್ತೆ ಆಚೆ. ನಿವೃತ್ತಿಯಾದ ಮೇಲೆ ಗಡ್ಡ ಬಿಟ್ಟಿದ್ದರು. ಅವಳು ಎಲ್ಲವನ್ನೂ ಹೇಳಿದಳು.

"ನಾನು ಈಗ ಯಾರೂ ಅಲ್ವಲ್ಲಮ್ಮ" ಎಂದರು. "ಮಂಡಳಿ ಅವಧೀನೂ ಈ ತಿಂಗಳಿಗೆ ಮುಗಿಯುತ್ತೆ. ನೀನೊಂದು ಪತ್ರ ಬರಿ, ಕಣ್ತಪ್ಪಾಗಿದೆ ಅಂತ. ಯಾರ ಕಣ್ತಪ್ಪು ಅಂತ ಬರಿಯಕ್ಕೆ ಹೋಗ್ಬೇಡ."

"ನಂದೇ ಅಲ್ವಾ ಸರ್."

"ಸಹಿ ಎಂಟು ಜನರದ್ದಿದೆ."

ಗಂಡ ಮಲ್ಲಿಕ್ ಕೂಡ ಅದನ್ನೇ ಹೇಳಿದ. ಅವನು ಬ್ಯಾಂಕಿನವನು, ಕಾಗದದ ಮೇಲೆ ಹೆಸರು ಬಂದರೆ ಏನಾಗುತ್ತದೆಂದು ಬಲ್ಲವನು. "ಇನ್ನು ನಾಲ್ಕು ವರ್ಷ ಸರ್ವೀಸಿದೆ ನಿಂಗೆ. ಮಂಡಳಿ ಅಂತ ಬರಿ ಮಾರಾಯ್ತಿ. ಆ ಹುಡುಗಿಗೆ ಬೇಕಾಗಿರೋದು ಪರೀಕ್ಷೆ, ನಿನ್ನ ತಪ್ಪೊಪ್ಪಿಗೆ ಅಲ್ಲ."

ಅದು ಸರಿ ಎನಿಸಿತು. 'ಮಂಡಳಿಯ ಕಣ್ತಪ್ಪಿನಿಂದ' ಎಂದು ಬರೆದಳು. ಮರುದಿನ ರಜೆ ಹಾಕಿ ಪತ್ರ ಹಿಡಿದು ಕ್ಯಾಂಪಸ್ಸಿಗೆ ಹೋದಳು.

ವಿಶ್ವವಿದ್ಯಾಲಯದಲ್ಲಿ ಪಠ್ಯಕ್ರಮದ ಕಡತಗಳನ್ನೆಲ್ಲ ನೋಡಿಕೊಳ್ಳುವುದು ಅಕಾಡೆಮಿಕ್ ವಿಭಾಗ. ಅಲ್ಲಿಯ ಸೂಪರಿಂಟೆಂಡೆಂಟ್ ವೀರೇಂದ್ರ ಮೆದು ಮಾತಿನವನು. ಪತ್ರವನ್ನು ಎರಡು ಸಲ ಓದಿದ.

"ಮೇಡಂ, ನೀವು ಹೇಳೋದು ನ್ಯಾಯ. ಆದ್ರೆ ಒಂದ್ ಸಲ ಪರಿಷತ್ತು ಒಪ್ಪಿದ ಪಟ್ಟೀನ ನಾನಾಗ್ಲಿ, ಕುಲಸಚಿವರಾಗ್ಲಿ ಮುಟ್ಟಕ್ಕಾಗಲ್ಲ. ಮೊದಲು ನಿಮ್ಮ ಮಂಡಳಿ ಸಭೆ ಸೇರಿ ತಿದ್ಬೇಕು. ಅದು ವಿಜ್ಞಾನ ನಿಕಾಯಕ್ಕೆ, ಅಂದ್ರೆ ಎಲ್ಲಾ ವಿಜ್ಞಾನ ವಿಷಯದೋರ ಸಮಿತಿಗೆ, ಹೋಗ್ಬೇಕು. ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ. ಪರಿಷತ್ತು ಸೇರೋದು ವರ್ಷಕ್ಕೆ ಎರಡೇ ಸಲ."

"ಪರೀಕ್ಷೆ ಜನವರಿಯಲ್ಲಿದೆ ವೀರೇಂದ್ರ."

"ಗೊತ್ತು ಮೇಡಂ."

"ಒಂದು ಪ್ರಯೋಗ. ಮೂರು ಗಂಟೆ ಕೆಲಸ. ನಮ್ಮ ಕಾಲೇಜಲ್ಲೇ ಮಾಡ್ಸಿ ಅಂಕ ಕಳಿಸ್ತೀನಿ."

"ಯಾವ ಪೇಪರ್ ಕೋಡಿಗೆ ಕಳಿಸ್ತೀರಾ? ಆ ಕೋಡೇ ಇಲ್ಲ ಈಗ" ಎಂದ ವೀರೇಂದ್ರ. ಹೇಳುವಾಗ ಅವನ ಮುಖದಲ್ಲೂ ಸಂಕಟವಿತ್ತು.

ಮಂಡಳಿಯನ್ನು ತುರ್ತಾಗಿ ಕರೆಸಲು ಅವಳು ಡಿಸೆಂಬರ್ ಪೂರ್ತಿ ಓಡಾಡಿದಳು. ಷಡಕ್ಷರಪ್ಪನವರ ನಂತರ ಅಧ್ಯಕ್ಷರ ಜಾಗ ಖಾಲಿ ಬಿದ್ದಿತ್ತು. ಅಧ್ಯಕ್ಷರಿಲ್ಲದೆ ಸಭೆಯಿಲ್ಲ. ಡಿಸೆಂಬರ್ ಮೂವತ್ತೊಂದಕ್ಕೆ ಮಂಡಳಿಯೂ ಮುಗಿಯಿತು. ಹೊಸ ಮಂಡಳಿ ರಚಿಸಬೇಕಾದ ಕುಲಪತಿಗಳ ಜಾಗದಲ್ಲಿ ಪ್ರಭಾರದವರಿದ್ದರು. ಅವರು ಹೊಸ ನೇಮಕಗಳಿಗೆ ಕೈ ಹಾಕುತ್ತಿರಲಿಲ್ಲ. ಜನವರಿಯ ಪರೀಕ್ಷೆ ಬಂತು, ಹೋಯಿತು. ಪ್ರಯೋಗ ಪರೀಕ್ಷೆಯ ದಿನ ಪೂಜಿತಾ ಫೋನು ಮಾಡಿ, "ಇವತ್ತು ನಾನು ಬಂದು ಸುಮ್ಮನೆ ಮಾಡಿ ಹೋಗ್ಲಾ ಮೇಡಂ? ಅಂಕ ಆಮೇಲೆ ಸೇರಿಸ್ಕೊಳ್ಳಕ್ಕಾಗುತ್ತಾ?" ಎಂದು ಕೇಳಿದಳು. ಆಗುವುದಿಲ್ಲ ಎಂದು ಗೊತ್ತಿದ್ದೂ ಜಯಶೀಲಾ ಬಾ ಎಂದಳು.

ಪೂಜಿತಾ ಬಂದಳು. ಐದು ಕಲ್ಲು, ಎರಡು ಸ್ಲೈಡು. ಮೂರು ಗಂಟೆ ಕೊಟ್ಟಿದ್ದನ್ನು ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿಸಿದಳು. ಒಂದೂ ತಪ್ಪಿರಲಿಲ್ಲ. ಉತ್ತರಪತ್ರಿಕೆಯನ್ನು ಜಯಶೀಲಾ ಲಕೋಟೆಗೆ ಹಾಕಿ, ಮೊಹರು ಮಾಡಿ, ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅದರಿಂದ ಏನು ಪ್ರಯೋಜನ ಎಂದು ಅವಳಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ರಂಗಪ್ಪ ಓಡಾಡತೊಡಗಿದ್ದ. ಸೋಮವಾರ ಕಲ್ಯಾಣಮಂಟಪದಲ್ಲಿ ಅವನಿಗೆ ರಜೆ. ಬೆಳಿಗ್ಗೆಯೇ ಭದ್ರಾವತಿಯಿಂದ ಹೊರಟು, ಶಿವಮೊಗ್ಗದಲ್ಲಿ ಸಿಟಿ ಬಸ್ಸು ಹಿಡಿದು ಹತ್ತು ಗಂಟೆಗೆ ವೀರೇಂದ್ರನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಮಗಳ ನೋಂದಣಿ ಸಂಖ್ಯೆ ಬರೆದ ಚೀಟಿ. ಯಾರಿಗೂ ಜೋರು ಮಾಡಿದವನಲ್ಲ. ವೀರೇಂದ್ರ ಹೊರಗೆ ಬಂದಾಗ ಎದ್ದು ನಿಂತು, "ಏನಾದ್ರೂ ಮುಂದಕ್ಕೆ ಹೋಗಿದೆಯಾ ಸಾಮಿ?" ಎಂದು ಕೇಳುತ್ತಿದ್ದ. ಇಲ್ಲ ಎಂದರೆ, "ಆಗ್ಲಿ, ಬರ್ತೀನಿ" ಎಂದು ಹೊರಡುತ್ತಿದ್ದ.

ಒಂದು ಸೋಮವಾರ ಜಯಶೀಲಾಗೆ ಅಲ್ಲೇ ಸಿಕ್ಕಿದ.

"ರಂಗಪ್ಪನವರೇ, ಪ್ರತಿ ವಾರ ಯಾಕೆ ಬರ್ತೀರಾ? ಏನಾದ್ರೂ ಆದ್ರೆ ನಾನೇ ಫೋನ್ ಮಾಡ್ತೀನಲ್ಲ" ಎಂದಳು.

"ಅದಕ್ಕಲ್ಲ ಮೇಡಮ್ಮೋರೆ. ಫ್ಯಾಕ್ಟ್ರೀಲಿದ್ದಾಗ ನೋಡಿದೀನಿ. ಮನುಷ್ಯ ಎದುರಿಗಿಲ್ದಿದ್ರೆ ಕಾಗದ ಕೆಳಗಡೆ ಹೋಗ್ಬಿಡುತ್ತೆ." ನಂತರ ಅವಳ ಮುಖ ನೋಡಿ, "ನೀವೊಬ್ರು ಇದೀರಾ ಅನ್ನೋದೇ ನಮಗೆ ಧೈರ್ಯ. ನಿಮ್ಮಂಥೋರು ಆ ಕಮಿಟೀಲಿ ಇದ್ದಿದ್ರೆ ಹಿಂಗಾಗ್ತಾನೇ ಇರ್ಲಿಲ್ಲ" ಎಂದ.

ಆ ಗೆರೆ ಹಾಕಿದವಳು ತಾನೇ ಎಂದು ಹೇಳಲು ಅವಳಿಗೆ ಅದಕ್ಕಿಂತ ಸರಿಯಾದ ಗಳಿಗೆ ಸಿಗುತ್ತಿರಲಿಲ್ಲ. ಅವಳು ಕೈಗಡಿಯಾರ ನೋಡಿಕೊಂಡು, "ಬರ್ತೀನಿ, ಕ್ಲಾಸಿದೆ" ಎಂದಳು.

ಹೊಸ ಕುಲಪತಿಗಳ ನೇಮಕವಾಗಿ, ಹೊಸ ಮಂಡಳಿ ಮಾರ್ಚ್ ಕೊನೆಗೆ ಬಂತು. ಅಧ್ಯಕ್ಷ ಪ್ರಸನ್ನಕುಮಾರ್. ಜಯಶೀಲಾಳನ್ನು ಮತ್ತೆ ಸದಸ್ಯೆಯಾಗಿ ಹಾಕಿದ್ದರು. ಏಪ್ರಿಲ್‌ ಸಭೆಗೆ ಅವಳು ವಿಷಯವನ್ನು ಮೊದಲೇ ಕಾರ್ಯಸೂಚಿಗೆ ಸೇರಿಸಿದ್ದಳು. ಹಳೆಯ ಪ್ರಯೋಗದ ಬದಲಿಗೆ ಹೊಸ ಪತ್ರಿಕೆಯ ಪ್ರಯೋಗ ಭಾಗವನ್ನೇ ಬೇರೆಯಾಗಿ ನಡೆಸಿ ಅಂಕ ಕೊಡುವುದು ಎಂದು ಎರಡು ಸಾಲಿನ ತಿದ್ದುಪಡಿ.

"ಎಷ್ಟು ಜನ ಇದಾರೆ ಮೇಡಂ ಇಂಥೋರು?" ಎಂದು ಕೇಳಿದ ಪ್ರಸನ್ನಕುಮಾರ್.

"ನಂಗೆ ಗೊತ್ತಿರೋದು ಒಬ್ಳು."

"ಒಬ್ಳಿಗೋಸ್ಕರ ಪಟ್ಟಿ ತಿದ್ದಿದ್ರೆ ನಾಳೆ ಬೇರೆ ವಿಭಾಗದೋರು ಕೇಳ್ತಾರೆ, ನಿಮಗ್ಯಾರು ಹೇಳಿದ್ದು ಅಂತ. ನಾನು ಬೇಡ ಅಂತಿಲ್ಲ. ಎಲ್ಲಾ ಕಾಲೇಜಿಂದ ಲೆಕ್ಕ ತರಿಸೋಣ. ಪರೀಕ್ಷಾ ವಿಭಾಗಕ್ಕೆ ಬರೆಯೋಣ. ಅಂಕಿಅಂಶ ಇದ್ರೆ ಪರಿಷತ್ತಿನಲ್ಲಿ ನಿಂತ್ಕೊಳ್ಳುತ್ತೆ."

"ಜುಲೈಗೆ ಅವಳ ಐದು ವರ್ಷ ಮುಗಿಯುತ್ತೆ ಪ್ರಸನ್ನ. ಅದಕ್ಕೆ ಮುಂಚೆ ತಿದ್ದಿದ್ರೆ ವಿಶೇಷ ಪರೀಕ್ಷೆ ಕೇಳ್ಬಹುದು. ಲೆಕ್ಕ ಬರೋದ್ರೊಳಗೆ ಎಲ್ಲಾ ಮುಗಿದಿರುತ್ತೆ."

"ಮೇಡಂ, ನೀವೇ ಹೇಳಿ. ಈ ಪಟ್ಟಿ ಆವತ್ತು ಹೆಂಗೆ ಪಾಸಾಯ್ತು? ಸರಿಯಾಗಿ ನೋಡ್ದೆ ತಾನೇ? ಈಗ ಇದನ್ನೂ ಹಂಗೇ ಅವಸರದಲ್ಲಿ ಮಾಡಿದ್ರೆ?"

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಆ ಪಟ್ಟಿ ಯಾರು ಮಾಡಿದ್ದೆಂದು ಅವನಿಗೆ ನೆನಪೂ ಇದ್ದಂತಿರಲಿಲ್ಲ. ಲೆಕ್ಕ ತರಿಸುವುದೆಂದು ತೀರ್ಮಾನವಾಯಿತು.

ಲೆಕ್ಕ ಬರಲು ಎರಡು ತಿಂಗಳಾಯಿತು. ಹತ್ತೊಂಬತ್ತು ಕಾಲೇಜುಗಳಿಗೆ ಪತ್ರ ಹೋಗಿ, ಹನ್ನೊಂದು ಉತ್ತರಿಸಿ, ಉಳಿದವಕ್ಕೆ ಜ್ಞಾಪನಾಪತ್ರ ಹೋಗಿ, ಕೊನೆಗೆ ಪರೀಕ್ಷಾ ವಿಭಾಗ ಬರೆಯಿತು: ಸದರಿ ಪತ್ರಿಕೆ ಬಾಕಿ ಉಳಿಸಿಕೊಂಡಿರುವ ವಿದ್ಯಾರ್ಥಿಗಳ ಸಂಖ್ಯೆ ಒಂದು.

ಜೂನ್ ಮೂರನೇ ವಾರ ಮಂಡಳಿ ತಿದ್ದುಪಡಿಯನ್ನು ಒಪ್ಪಿತು. ಅಷ್ಟರೊಳಗೆ ಪೂಜಿತಾಳ ಶಾಲೆ ತೆರೆದಿತ್ತು. ಐದನೇ ಕ್ಲಾಸಿನ ವಿಜ್ಞಾನಕ್ಕೆ ಪದವಿ ಮುಗಿಸಿದ ಬೇರೊಬ್ಬ ಹುಡುಗಿ ಬಂದಿದ್ದಳು. ಪೂಜಿತಾಗೆ ಎಲ್‌ಕೆಜಿಯಲ್ಲಿ ಆಯಾ ಕೆಲಸ ಕೊಟ್ಟರು. ಮಕ್ಕಳ ಮೂಗು ಒರೆಸುವುದು, ಬುತ್ತಿ ಬಿಚ್ಚಿಕೊಡುವುದು, ಬಚ್ಚಲಿಗೆ ಕರೆದೊಯ್ಯುವುದು. ಹೋದ ವರ್ಷ ಅವಳ ಹತ್ತಿರ ಕಲಿತ ಮಕ್ಕಳು ಕಾರಿಡಾರಿನಲ್ಲಿ ಎದುರಾದರೆ ಈಗಲೂ "ಗುಡ್ ಮಾರ್ನಿಂಗ್ ಮಿಸ್" ಎನ್ನುತ್ತಿದ್ದವು. ಅದನ್ನು ಕೇಳಿದ ಹೆಡ್‌ಮಿಸ್ಟ್ರೆಸ್, ಇನ್ನು ಮುಂದೆ ಅಕ್ಕ ಅನ್ನಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದರಂತೆ. ಪೂಜಿತಾ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ಸ್ವರ ಏರಿಳಿಯಲಿಲ್ಲ. ಹೇಳಿ ಮುಗಿಸಿ, "ಪೇಪರ್ ಬಂದ್ರೆ ಮತ್ತೆ ಕ್ಲಾಸ್ ಕೊಡ್ತಾರಂತೆ ಮೇಡಂ" ಎಂದಳು.

ನಿಕಾಯ ಜುಲೈಯಲ್ಲಿ ಒಪ್ಪಿತು. ಜುಲೈ ಮೂವತ್ತೊಂದಕ್ಕೆ ಅವಳ ಐದು ವರ್ಷ ಮುಗಿಯಿತು. ಆದರೆ ತಪ್ಪು ವಿಶ್ವವಿದ್ಯಾಲಯದ್ದಾದ್ದರಿಂದ ತಿದ್ದುಪಡಿಯನ್ನು ಹಿಂದಿನ ದಿನಾಂಕದಿಂದ ಜಾರಿ ಮಾಡಬಹುದು, ಹಾಗೆ ಮಾಡಿದರೆ ಜನವರಿಯಲ್ಲಿ ತಪ್ಪಿದ ಅವಕಾಶ ಅವಳಿಗೆ ಮತ್ತೆ ಸಿಗುತ್ತದೆ ಎಂದು ವೀರೇಂದ್ರ ದಾರಿ ಹೇಳಿಕೊಟ್ಟಿದ್ದ. ಟಿಪ್ಪಣಿಯಲ್ಲಿ ಅವನೇ ಆ ಸಾಲು ಬರೆದಿದ್ದ. ಜಯಶೀಲಾ ಎಂಟು ತಿಂಗಳಲ್ಲಿ ಮೊದಲ ಸಲ ನೆಮ್ಮದಿಯಿಂದ ಉಂಡಳು.

ಸೆಪ್ಟೆಂಬರ್ ಹದಿನೈದು, ಸೋಮವಾರ, ಪರಿಷತ್ತು ಸೇರಿತು. ಜಯಶೀಲಾ ಅದರ ಸದಸ್ಯೆಯಲ್ಲ, ಸಭಾಂಗಣದ ಹೊರಗೆ ರಂಗಪ್ಪನ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತಿದ್ದಳು. ಪೂಜಿತಾಗೆ ರಜೆ ಸಿಕ್ಕಿರಲಿಲ್ಲ. ರಂಗಪ್ಪ ಒಂದು ಪೊಟ್ಟಣದಲ್ಲಿ ಕಡಲೆಪುರಿ ತಂದಿದ್ದ, ಇಬ್ಬರೂ ತಿಂದರು. ಒಟ್ಟು ಅರವತ್ತೆರಡು ವಿಷಯಗಳು. ಸಂಜೆ ನಾಲ್ಕೂವರೆಗೆ ವೀರೇಂದ್ರ ಬಾಗಿಲು ತೆರೆದು ಹೊರಗೆ ಬಂದ.

"ಪಾಸಾಯ್ತು" ಎಂದ.

ರಂಗಪ್ಪ ಎದ್ದು ನಿಂತ. ವೀರೇಂದ್ರನಿಗೆ ಕೈ ಮುಗಿದ, ಜಯಶೀಲಾಗೆ ಮುಗಿದ, ಮತ್ತೆ ಮುಚ್ಚಿದ ಬಾಗಿಲಿಗೂ ಮುಗಿದ.

"ಸ್ವಲ್ಪ ಇರಿ" ಎಂದ ವೀರೇಂದ್ರ. ಅವನು ಜಯಶೀಲಾಳ ಮುಖ ನೋಡಲಿಲ್ಲ. "ಪಟ್ಟಿ ತಿದ್ದಿದಾರೆ ಮೇಡಂ. ಆದ್ರೆ ಹಿಂದಿನ ದಿನಾಂಕದ್ದು ಬೇಡ ಅಂದ್ರು. ಒಬ್ರು ಎದ್ದು, ಹಿಂದಕ್ಕೆ ಹೋದ್ರೆ ಎಲ್ಲಾ ವಿಷಯದೋರೂ ಕೋರ್ಟಿಗೆ ಹೋಗ್ತಾರೆ ಅಂದ್ರು. ಮುಂದಿನ ಪರೀಕ್ಷೆಯಿಂದ ಅನ್ವಯ ಅಂತ ಬರೆಸಿದ್ರು."

"ನೀವು ಹೇಳ್ಲಿಲ್ವಾ, ಇರೋದು ಒಬ್ಳೇ ಹುಡುಗಿ, ಅವಳಿಗೋಸ್ಕರ ಅಂತ?"

"ನಾನು ಕಡತ ಹಿಡ್ಕೊಂಡು ಹಿಂದೆ ನಿಂತಿರೋನು ಮೇಡಂ. ಅಲ್ಲಿ ಮಾತಾಡೋ ಹಂಗಿಲ್ಲ. ಪ್ರಸನ್ನಕುಮಾರ್ ಸರ್ ಎದ್ದು ನಿಂತ್ರು. ಕುಲಪತಿಗಳು, ಸಮಯ ಇಲ್ಲ, ಕೂತ್ಕೊಳ್ಳಿ ಅಂದ್ರು. ಕೂತ್ಕೊಂಡ್ರು."

ರಂಗಪ್ಪ ಇಬ್ಬರ ಮುಖವನ್ನೂ ನೋಡುತ್ತಿದ್ದ. "ಪಾಸಾಯ್ತು ಅಂದ್ರಲ್ಲ ಸಾಮಿ?"

"ಪಾಸಾಗಿದೆ ರಂಗಪ್ಪ. ನಿಮ್ಮ ಮಗಳಿಗೆ ಬರಲ್ಲ ಅದು" ಎಂದ ವೀರೇಂದ್ರ.

ರಂಗಪ್ಪನಿಗೆ ಅದನ್ನು ಅರ್ಥ ಮಾಡಿಸಲು ಅರ್ಧ ಗಂಟೆ ಬೇಕಾಯಿತು. ಪತ್ರಿಕೆ ಮತ್ತೆ ಬಂದಿದೆ. ಅದನ್ನು ಬರೆಯುವ ಹಕ್ಕಿದ್ದವಳ ಅವಧಿ ಮುಗಿದಿದೆ. ಬೇರೆ ಯಾರೂ ಆ ಪತ್ರಿಕೆ ಬರೆಯಬೇಕಾದವರಿಲ್ಲ. ಎಲ್ಲ ಕೇಳಿದ ಮೇಲೆ ಅವನು, "ಹಂಗಾದ್ರೆ ಇದನ್ನ ಯಾರಿಗೆ ಮಾಡಿದ್ರು?" ಎಂದು ಕೇಳಿದ. ಬಯ್ಯುವ ಧಾಟಿಯಲ್ಲ, ತಿಳಿದುಕೊಳ್ಳಲೆಂದೇ ಕೇಳಿದ.

ಜಯಶೀಲಾ ಅಷ್ಟಕ್ಕೇ ಬಿಡಲಿಲ್ಲ. ವಿಶೇಷ ವಿನಾಯಿತಿ ಕೋರಿ ಪೂಜಿತಾಳ ಹೆಸರಿನಲ್ಲಿ ಅರ್ಜಿ ಬರೆಸಿದಳು. ಅದರ ಜೊತೆಗೆ ಈ ಸಲ ತನ್ನದೇ ಪತ್ರ ಇಟ್ಟಳು. ಪಟ್ಟಿ ತಾನೇ ತಯಾರಿಸಿದ್ದು, ಗೆರೆ ತಾನೇ ಹಾಕಿದ್ದು, ಸಭೆಯಲ್ಲಿ ಗೊತ್ತಿದ್ದೂ ಸುಮ್ಮನಿದ್ದೆ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿದಳು. ಮಲ್ಲಿಕ್ ಓದಿ ನಿಟ್ಟುಸಿರಿಟ್ಟನೇ ಹೊರತು ಬೇಡವೆನ್ನಲಿಲ್ಲ. ಶಿಕ್ಷೆ ಬರಲಿ ಎಂದು ಅವಳು ಒಳಗೊಳಗೇ ಬಯಸಿದ್ದಳು. ಬಂದದ್ದು ಅಕ್ಟೋಬರ್ ಕೊನೆಯಲ್ಲಿ ಪೂಜಿತಾಳ ಹೆಸರಿಗೆ ಒಂದು ಹಿಂಬರಹ, ಒಂದೇ ಸಾಲಿನ ಉತ್ತರ. ಐದು ವರ್ಷದ ಗರಿಷ್ಠ ಅವಧಿ ಮೀರಿರುವುದರಿಂದ ಅರ್ಜಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ಅವಳ ಪತ್ರದ ಬಗ್ಗೆ ಒಂದಕ್ಷರ ಇರಲಿಲ್ಲ. ಯಾರೂ ವಿವರಣೆ ಕೇಳಲಿಲ್ಲ.

ಹಿಂಬರಹವನ್ನು ಅಂಚೆಗೆ ಬಿಡದೆ ತಾನೇ ಹಿಡಿದು ಅವಳು ಭದ್ರಾವತಿಯ ಹಳೇನಗರದಲ್ಲಿದ್ದ ರಂಗಪ್ಪನ ಮನೆಗೆ ಹೋದಳು. ಭಾನುವಾರ ಬೆಳಿಗ್ಗೆ. ರಂಗಪ್ಪ ಮದುವೆಯೊಂದರ ಕಾವಲಿಗೆ ಹೋಗಿದ್ದ. ಪೂಜಿತಾ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಚಾಪೆ ಹಾಸಿದಳು. ಕಿಟಕಿಯ ಕಟ್ಟೆಯ ಮೇಲೆ ಐದಾರು ಕಲ್ಲುಗಳಿದ್ದವು, ಪ್ರತಿಯೊಂದರ ಕೆಳಗೂ ಹೆಸರಿನ ಚೀಟಿ.

ಪೂಜಿತಾ ಹಿಂಬರಹ ಓದಿ ಮಡಿಸಿಟ್ಟಳು.

"ಇನ್ನೊಂದು ವಿಷಯ ಹೇಳ್ಬೇಕಮ್ಮ" ಎಂದಳು ಜಯಶೀಲಾ. ಹೇಳಿದಳು. ಸಭೆ, ಪಟ್ಟಿ, ಏನೋ ಹೇಳ್ತಿದ್ರಿ ಎಂದು ಕೇಳಿದ್ದು, ಏನಿಲ್ಲ ಎಂದದ್ದು. ಯಾವುದನ್ನೂ ಮುಚ್ಚಿಡಲಿಲ್ಲ.

ಪೂಜಿತಾ ಹಿಂಬರಹವನ್ನು ಇನ್ನೊಂದು ಮಡಿಕೆ ಮಡಿಸಿದಳು. ನಂತರ ಕೇಳಿದಳು.

"ಆವತ್ತು ನಾನು ಫಸ್ಟ್ ಬಂದೆನಲ್ಲ ಮೇಡಂ, ಪೇಪರ್ ಕಾಣಿಸ್ತಿಲ್ಲ ಅಂತ. ಆವಾಗ್ಲೇ ಗೊತ್ತಿತ್ತಾ ನಿಮಗೆ?"

"ನೀನು ಹೋದ್ಮೇಲೆ ನೋಡ್ದೆ. ಗೊತ್ತಾಯ್ತು."

"ಹನ್ನೊಂದು ತಿಂಗಳು."

"ಹೂಂ."

"ಅಪ್ಪ ದಿನಾ ನಿಮ್ಮ ಹೆಸರು ಹೇಳೋರು. ದೇವರ ಫೋಟೋ ಮುಂದೆ ನಿಂತ್ಕೊಂಡು ಹೇಳೋರು." ಅವಳು ಎದ್ದಳು. "ಅಪ್ಪಂಗೆ ಇದನ್ನ ಹೇಳ್ಬೇಡಿ ಮೇಡಂ. ಅವ್ರಿಗೆ ಯಾರಾದ್ರೂ ಒಬ್ರು ಬೇಕು, ಒಳ್ಳೇರು ಅಂದ್ಕೊಳ್ಳಕ್ಕೆ."

ಕಾಫಿ ಮಾಡಲೇ ಎಂದು ಅವಳು ಕೇಳಲಿಲ್ಲ. ಜಯಶೀಲಾ ಚಪ್ಪಲಿ ಮೆಟ್ಟಿಕೊಳ್ಳುವಾಗ ಹಿತ್ತಿಲಿನಿಂದ ಬಟ್ಟೆ ಕುಕ್ಕುವ ಸದ್ದು ಮತ್ತೆ ಶುರುವಾಯಿತು.

ಅದೇ ವಾರ ಜಯಶೀಲಾ ಮಂಡಳಿಗೆ ರಾಜೀನಾಮೆ ಕಳಿಸಿದಳು. ಪ್ರಸನ್ನಕುಮಾರ್ ಫೋನು ಮಾಡಿ, ಬೇಸರ ಮಾಡ್ಕೋಬೇಡಿ ಮೇಡಂ, ನಾವೆಲ್ಲ ಪ್ರಯತ್ನ ಪಟ್ವಿ ಎಂದ. ಅವಳ ಜಾಗಕ್ಕೆ ಬೇರೊಬ್ಬರು ಬಂದರು. ವಿದ್ಯಾರ್ಥಿಗಳು ಕಡಿಮೆ ಇರುವ ವಿಷಯಗಳನ್ನು ಕೈಬಿಡುವ ಪ್ರಸ್ತಾಪವನ್ನು ಮುಂದಿನ ಸಭೆಗೆ ತರುತ್ತಾರೆಂದೂ, ಅದರಲ್ಲಿ ಭದ್ರಾವತಿ ಕಾಲೇಜಿನ ಭೂವಿಜ್ಞಾನವೂ ಇದೆಯೆಂದೂ ಕೇಳಿದಳು.

ಪೂಜಿತಾ ಶಾಲೆ ಬಿಟ್ಟು ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಸೇರಿದ್ದಳು. ಇದು ಜಯಶೀಲಾಗೆ ಗೊತ್ತಾದದ್ದು ಡಿಸೆಂಬರಿನಲ್ಲಿ, ಒಂದು ದಿನ ಸಂಜೆ ಕಾಲೇಜಿನಿಂದ ಮರಳುವಾಗ. ಭದ್ರಾವತಿಯಲ್ಲಿ ಬಸ್ಸು ಹತ್ತಿದರೆ ಕಾಲಿಡಲು ಜಾಗವಿರಲಿಲ್ಲ. ಎರಡನೇ ಪಾಳಿಗೆ ಹೊರಟ ಹುಡುಗಿಯರು ತುಂಬಿದ್ದರು. ಕಂಬಿ ಹಿಡಿದು ನಿಂತಿದ್ದ ಜಯಶೀಲಾಳ ಪಕ್ಕದ ಸೀಟಿನಿಂದ ಯಾರೋ ಎದ್ದರು.

"ಕೂತ್ಕೊಳ್ಳಿ ಮೇಡಂ."

ಪೂಜಿತಾ. ಕೊರಳಲ್ಲಿ ಕಂಪನಿಯ ಕಾರ್ಡು ನೇತಾಡುತ್ತಿತ್ತು. ಬೇಡಮ್ಮ, ನೀನೇ ಕೂತ್ಕೋ ಎಂದಳು ಜಯಶೀಲಾ. ಪೂಜಿತಾ ಜನರ ನಡುವೆ ಒಂದು ಹೆಜ್ಜೆ ಮುಂದಕ್ಕೆ ಸರಿದು, ಬೆನ್ನು ತಿರುಗಿಸಿ ನಿಂತಳು. ಸೀಟು ಖಾಲಿ ಇತ್ತು. ಹಿಂದಿನಿಂದ ಯಾರೋ, "ಕೂರ್ತೀರಾ, ಇಲ್ಲ ನಾವು ಕೂರ್ಲಾ?" ಎಂದರು.

ಜಯಶೀಲಾ ಕುಳಿತಳು. ಸೀಟು ಇನ್ನೂ ಬೆಚ್ಚಗಿತ್ತು. ಮಾಚೇನಹಳ್ಳಿ ಬಂದಾಗ ಹುಡುಗಿಯರೆಲ್ಲ ಒಮ್ಮೆಲೇ ಇಳಿದರು. ಅರ್ಧ ಬಸ್ಸು ಬರಿದಾಯಿತು. ಕಂಡಕ್ಟರ್ ಸೀಟಿ ಊದಿದ.